ಒಳಾಂಗಣ ಗಿಡಗಳ ಕುಂಡ ಬದಲಿಸುವುದು ಹೇಗೆ, ನೀರು ಹಾಕುವುದು ಯಾವಾಗ: ಸಮಗ್ರ ಮಾರ್ಗದರ್ಶಿ

ಮನೆಯೊಳಗಿನ ಗಿಡ ಸೊರಗಿದರೆ ಎಲ್ಲರೂ ಮೊದಲು ದೂರುವುದು ನೀರನ್ನು. ಹೆಚ್ಚಾಯಿತೋ, ಕಡಿಮೆಯಾಯಿತೋ ಎಂಬ ಚರ್ಚೆ ಶುರುವಾಗುತ್ತದೆ. ಆದರೆ ಗಿಡಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬೇಕು ಎನ್ನುವುದು ಅರ್ಧಕ್ಕರ್ಧ ತೀರ್ಮಾನವಾಗಿಬಿಡುವುದು ಅದನ್ನು ಕುಂಡಕ್ಕೆ ಇಳಿಸಿದ ದಿನವೇ. ಕುಂಡ ಎಷ್ಟು ದೊಡ್ಡದು, ಅದರ ಗೋಡೆ ನೀರು ಹೀರುತ್ತದೆಯೇ, ಒಳಗಿನ ಮಿಶ್ರಣದಲ್ಲಿ ಗಾಳಿಗೆ ಜಾಗವಿದೆಯೇ ಎಂಬ ಮೂರು ಸಂಗತಿ ಹದ ತಪ್ಪಿದ್ದರೆ, ಅಳತೆ ಲೋಟ ಹಿಡಿದು ನೀರು ಹಾಕಿದರೂ ಬೇರು ಕೊಳೆಯುತ್ತದೆ. ಹಾಗಾಗಿ ಇಲ್ಲಿ ಕುಂಡದ ವಿಷಯ ಮೊದಲು, ನೀರಿನ ವಿಷಯ ಆಮೇಲೆ.

ಕುಂಡ ಬದಲಿಸುವ ಹೊತ್ತು ಬಂದಿದೆಯೇ?

ಅಡಿಯ ತೂತಿನಿಂದ ಒಂದೆರಡು ಬೇರು ಇಣುಕಿದ ಮಾತ್ರಕ್ಕೆ ಗಡಿಬಿಡಿ ಬೇಡ. ತೇವ ಹುಡುಕಿಕೊಂಡು ಬೇರು ಅಲ್ಲಿಯವರೆಗೆ ಬರುವುದು ಸಹಜ. ನಂಬಬೇಕಾದ ಗುರುತುಗಳು ಬೇರೆಯೇ ಇವೆ. ಮೊದಲು ಐದಾರು ದಿನ ತಡೆಯುತ್ತಿದ್ದ ಗಿಡ ಈಗ ಎರಡೇ ದಿನಕ್ಕೆ ಬಾಡುತ್ತದೆ. ಮೇಲೆ ಸುರಿದ ನೀರು ನಿಲ್ಲದೆ ಕೆಳಗೆ ಹರಿದುಹೋಗುತ್ತದೆ, ಏಕೆಂದರೆ ಮಣ್ಣಿದ್ದ ಜಾಗವನ್ನೆಲ್ಲ ಬೇರು ಆಕ್ರಮಿಸಿದೆ. ಹೊಸ ಎಲೆಗಳು ಹಳೆಯವಕ್ಕಿಂತ ಚಿಕ್ಕದಾಗುತ್ತ ಬರುತ್ತವೆ. ಪ್ಲಾಸ್ಟಿಕ್ ಕುಂಡದ ಹೊಟ್ಟೆ ಉಬ್ಬಿರುತ್ತದೆ. ಸ್ನೇಕ್ ಪ್ಲಾಂಟ್, ಜೆಡ್‌ಜೆಡ್ ಪ್ಲಾಂಟ್‌ಗಳ ಗಡ್ಡೆಗೆ ಕುಂಡವನ್ನೇ ಸೀಳುವಷ್ಟು ಬಲವಿದೆ.

ಅನುಮಾನವಿದ್ದರೆ ಕುಂಡ ಮಗುಚಿ ಗಿಡವನ್ನು ಮೆಲ್ಲಗೆ ಹೊರತೆಗೆದು ನೋಡಿ. ಬೇರುಮುದ್ದೆಯ ಹೊರಮೈಯಲ್ಲಿ ಮಣ್ಣು ಹೆಚ್ಚು, ಬೇರು ಕಡಿಮೆ ಕಂಡರೆ ಹಾಗೇ ವಾಪಸ್ ಇಡಿ. ಮಣ್ಣೇ ಕಾಣದಂತೆ ಬೇರು ಚಾಪೆ ಹೆಣೆದಂತೆ ಸುತ್ತಿಕೊಂಡಿದ್ದರೆ ಹೊತ್ತು ಬಂದಿದೆ ಎಂದರ್ಥ. ಮನಿ ಪ್ಲಾಂಟ್, ಸ್ಪೈಡರ್ ಪ್ಲಾಂಟ್‌ನಂಥ ಬೇಗ ಬೆಳೆಯುವವಕ್ಕೆ ಇದು ಒಂದು ಒಂದೂವರೆ ವರ್ಷಕ್ಕೊಮ್ಮೆ, ನಿಧಾನದವಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಬರುತ್ತದೆ. ತೊಗಟೆ ಚೂರಿನಲ್ಲಿ ಬೆಳೆಯುವ ಆರ್ಕಿಡ್‌ಗೆ ಬೇರು ತುಂಬದಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಅಷ್ಟರಲ್ಲಿ ತೊಗಟೆ ಕೊಳೆತು ಹಿಟ್ಟಾಗಿ ಗಾಳಿಯ ದಾರಿ ಮುಚ್ಚಿರುತ್ತದೆ.

ಕಾಲ ಯಾವುದು ಎಂದರೆ, ಗಿಡ ಹೊಸ ಚಿಗುರು ಬಿಡುತ್ತಿರುವ ಕಾಲ. ಆಗ ಕತ್ತರಿಸಿದ ಬೇರು ಬೇಗ ಚೇತರಿಸಿಕೊಳ್ಳುತ್ತದೆ. ಬೆಳಕು ಕಡಿಮೆಯಿರುವ, ಬೆಳವಣಿಗೆ ನಿಂತಿರುವ ದಿನಗಳಲ್ಲಿ ಹೊಸ ಮಿಶ್ರಣದ ತೇವ ಕುಡಿಯುವವರಿಲ್ಲದೆ ಉಳಿದುಬಿಡುತ್ತದೆ. ಮೊಗ್ಗು ಕಟ್ಟಿರುವಾಗಲೂ ಮುಟ್ಟಬೇಡಿ, ಮೊಗ್ಗು ಉದುರುವುದು ಹೆಚ್ಚು. ಆಗಷ್ಟೇ ಮನೆಗೆ ತಂದ ಗಿಡಕ್ಕೆ ಎರಡು ಮೂರು ವಾರ ಹೊಸ ಬೆಳಕಿಗೆ ಒಗ್ಗಲು ಬಿಡಿ. ಬೇರು ಕೊಳೆಯುತ್ತಿದ್ದರೆ ಮಾತ್ರ ಈ ಯಾವ ನಿಯಮವೂ ಇಲ್ಲ. ಯಾವ ಕಾಲವಾದರೂ ಸರಿ, ಅಂದೇ ತೆಗೆಯಬೇಕು.

ಎಷ್ಟು ದೊಡ್ಡ ಕುಂಡ

ಅತಿ ಹೆಚ್ಚು ಗಿಡಗಳು ಹಾಳಾಗುವುದು ಇಲ್ಲೇ. "ಹೇಗೂ ಬದಲಿಸುತ್ತಿದ್ದೇವೆ, ದೊಡ್ಡದಕ್ಕೇ ಹಾಕಿಬಿಡೋಣ" ಎಂಬ ಉದಾರತನ ಗಿಡದ ಪಾಲಿಗೆ ಉಪಕಾರವಲ್ಲ. ಹೊಸ ಕುಂಡದ ಬಾಯಿ ಹಳೆಯದಕ್ಕಿಂತ 2ರಿಂದ 3 ಸೆಂ.ಮೀ. ಅಗಲವಿದ್ದರೆ ಸಾಕು. ಕುಂಡ ಈಗಾಗಲೇ 25 ಸೆಂ.ಮೀ. ದಾಟಿದ್ದರೆ 5 ಸೆಂ.ಮೀ.ವರೆಗೆ ಹೋಗಬಹುದು.

ಲೆಕ್ಕ ನೋಡಿ. ಒಂದೇ ಆಕಾರದ ಕುಂಡದಲ್ಲಿ 15 ಸೆಂ.ಮೀ.ನಿಂದ 18ಕ್ಕೆ ಹೋದರೆ ಒಳಗೆ ಹಿಡಿಯುವ ಮಿಶ್ರಣ ಸುಮಾರು 1.7 ಪಟ್ಟಾಗುತ್ತದೆ. ಅದೇ 15ರಿಂದ 25ಕ್ಕೆ ಹಾರಿದರೆ ಸುಮಾರು 4.6 ಪಟ್ಟು. ಬೇರು ಮಾತ್ರ ಅಷ್ಟೇ ಇದೆ. ನಾಲ್ಕೂವರೆ ಪಟ್ಟು ಮಣ್ಣು ಹಿಡಿದಿಟ್ಟ ನೀರನ್ನು ಆ ಪುಟ್ಟ ಬೇರು ಕುಡಿದು ಮುಗಿಸುವುದು ಸಾಧ್ಯವಿಲ್ಲ. ಕುಂಡದ ಅಂಚು ವಾರಗಟ್ಟಲೆ ಒದ್ದೆಯಾಗಿಯೇ ಉಳಿಯುತ್ತದೆ, ಗಾಳಿಯಾಡುವುದಿಲ್ಲ, ಬೇರಿಗೆ ಉಸಿರುಗಟ್ಟುತ್ತದೆ. ಬೇರಿಗೂ ಆಮ್ಲಜನಕ ಬೇಕು ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ನಿಯಮಗಳು ತಾವಾಗಿಯೇ ಹೊಳೆಯುತ್ತವೆ.

ಅಡಿಯಲ್ಲಿ ತೂತು ಇರಲೇಬೇಕು, ಇದರಲ್ಲಿ ರಾಜಿಯಿಲ್ಲ. ತೂತಿಲ್ಲದ ಅಲಂಕಾರದ ಕುಂಡ ಇಷ್ಟವಾದರೆ ಗಿಡವನ್ನು ಸಾದಾ ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು ಅದರೊಳಗೆ ಇಳಿಸಿ, ನೀರು ಹಾಕುವಾಗ ಹೊರತೆಗೆಯಿರಿ. ಸುಟ್ಟ ಮಣ್ಣಿನ ಕುಂಡ ಗೋಡೆಯ ಮೂಲಕವೂ ತೇವ ಬಿಡುತ್ತದೆ, ಬೇಗ ಒಣಗುತ್ತದೆ. ಕೈ ತಡೆಯದೆ ನೀರು ಹಾಕುವವರಿಗೆ, ಕಳ್ಳಿ ಜಾತಿಯ ಗಿಡಗಳಿಗೆ ಅದು ಒಳ್ಳೆಯದು. ಪ್ಲಾಸ್ಟಿಕ್, ಮೆರುಗು ಲೇಪಿಸಿದ ಪಿಂಗಾಣಿ ತೇವ ಹಿಡಿದಿಡುತ್ತವೆ. ಮರೆಯುವವರಿಗೆ, ಜರೀಗಿಡಕ್ಕೆ (ಫರ್ನ್), ಪೀಸ್ ಲಿಲಿಗೆ ಅವು ಸರಿ. ಮಣ್ಣಿನ ಹೊಸ ಕುಂಡವನ್ನು ಬಳಸುವ ಮೊದಲು ಅರ್ಧ ಗಂಟೆ ನೀರಲ್ಲಿ ಮುಳುಗಿಸಿಡಿ, ಇಲ್ಲವಾದರೆ ಗಿಡಕ್ಕೆ ಹಾಕಿದ ಮೊದಲ ನೀರನ್ನು ಅದೇ ಕುಡಿಯುತ್ತದೆ.

ಅಡಿಗೆ ಜಲ್ಲಿ, ಹೆಂಚಿನ ಚೂರು ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು, ಆದರೆ ತಪ್ಪು. ಅಡುಗೆಮನೆಯ ಸ್ಪಂಜು ಒಂದನ್ನು ಪೂರ್ತಿ ನೆನೆಸಿ, ಅಂಗೈ ಮೇಲೆ ಮಲಗಿಸಿದಂತೆ ಹಿಡಿಯಿರಿ. ಸ್ವಲ್ಪ ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ನೆಟ್ಟಗೆ ನಿಲ್ಲಿಸಿ. ಮತ್ತಷ್ಟು ನೀರು ಇಳಿಯುತ್ತದೆ. ಕುಂಡದ ಮಿಶ್ರಣವೂ ಸ್ಪಂಜಿನಂತೆಯೇ: ಅದರ ತಳದಲ್ಲಿ ಒಂದಷ್ಟು ಎತ್ತರದವರೆಗೆ ನೀರು ಬಸಿಯದೆ ನಿಲ್ಲುತ್ತದೆ. ಆ ಎತ್ತರವನ್ನು ತೀರ್ಮಾನಿಸುವುದು ಮಿಶ್ರಣದ ಕಣಗಳ ಗಾತ್ರ. ಜಲ್ಲಿ ಹಾಕಿದರೆ ಆ ಒದ್ದೆ ಪದರ ಮಾಯವಾಗುವುದಿಲ್ಲ, ಜಲ್ಲಿಯ ಮೇಲಕ್ಕೆ, ಅಂದರೆ ಬೇರಿನ ಹತ್ತಿರಕ್ಕೆ ಬಂದು ಕೂರುತ್ತದೆ ಅಷ್ಟೆ. ಮಣ್ಣು ಸೋರದಂತೆ ತೂತಿನ ಮೇಲೆ ಒಂದು ತುಂಡು ಸೊಳ್ಳೆಪರದೆ ಇಟ್ಟರೆ ಸಾಕು. ಆಳ ಕಡಿಮೆಯ, ಅಗಲವಾದ ತಟ್ಟೆಯಂಥ ಕುಂಡದಲ್ಲಿ ನೀರು ಬಸಿದ ಮೇಲೂ ಮಿಶ್ರಣದ ಹೆಚ್ಚಿನ ಪಾಲು ಒದ್ದೆಯಾಗಿ ಉಳಿಯುವ ಗುಟ್ಟೂ ಇದೇ.

ಮಿಶ್ರಣ

ತೋಟದ ಮಣ್ಣನ್ನಷ್ಟೇ ತುಂಬಬೇಡಿ. ನೆಲದಲ್ಲಿ ಎರೆಹುಳು, ಬೇರುಗಳು ಅದನ್ನು ಸಡಿಲಿಸುತ್ತಿರುತ್ತವೆ. ಕುಂಡದಲ್ಲಿ ನಾಲ್ಕು ಸಲ ನೀರು ಬಿದ್ದರೆ ಇಟ್ಟಿಗೆಯಾಗುತ್ತದೆ.

ಎಲೆಗಾಗಿ ಬೆಳೆಸುವ ಹೆಚ್ಚಿನ ಗಿಡಗಳಿಗೆ ಅಳತೆ ಹೀಗೆ: ಕೊಕೊಪೀಟ್ (ತೆಂಗಿನ ನಾರಿನ ಪುಡಿ) 2 ಪಾಲು, ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕಾಂಪೋಸ್ಟ್ 1 ಪಾಲು, ಪರ್ಲೈಟ್ (ಕಾಯಿಸಿ ಅರಳಿಸಿದ ಹಗುರ ಬಿಳಿ ಕಲ್ಲಿನ ಕಾಳು) 1 ಪಾಲು. ಪಾಲು ಎಂದರೆ ತೂಕವಲ್ಲ, ಪಾತ್ರೆಯ ಅಳತೆ. ಮಾನ್‌ಸ್ಟೆರಾ, ಆಂಥೂರಿಯಂ, ಫಿಲೊಡೆಂಡ್ರಾನ್‌ಗಳಿಗೆ ಇದರ ಜೊತೆ 1 ಪಾಲು ತೊಗಟೆ ಚೂರು ಸೇರಿಸಿ. ದಪ್ಪ ಎಲೆಯ ಜೇಡ್ ಗಿಡ, ಲೋಳೆಸರ, ಕಳ್ಳಿಗಳಿಗೆ ಲೆಕ್ಕ ತಿರುಗಿಸಿ: ಮೇಲಿನ ಮಿಶ್ರಣ 1 ಪಾಲಾದರೆ ದಪ್ಪ ಮರಳು, ಸಣ್ಣ ಕಲ್ಲು, ಪ್ಯೂಮಿಸ್ (ತೂತುತೂತಾದ ಹಗುರ ಜ್ವಾಲಾಮುಖಿ ಕಲ್ಲು) ಸೇರಿ 1ರಿಂದ 2 ಪಾಲು. ಮರಳಿನ ಕಾಳು 2ರಿಂದ 4 ಮಿ.ಮೀ. ಇರಬೇಕು. ನುಣುಪು ಮರಳು ಬೇಡವೇ ಬೇಡ, ಅದು ಇದ್ದ ಸಂದುಗಳನ್ನೂ ತುಂಬಿ ಗಾಳಿಯನ್ನು ಇನ್ನಷ್ಟು ಕಟ್ಟುತ್ತದೆ.

650 ಗ್ರಾಂನ ಕೊಕೊಪೀಟ್ ಇಟ್ಟಿಗೆ ನೆನೆದ ಮೇಲೆ 8–9 ಲೀಟರ್ ಆಸುಪಾಸು ಆಗುತ್ತದೆ. ತೊಳೆಯದ ಪೀಟ್‌ನಲ್ಲಿ ಉಪ್ಪಿನಂಶ ಇರಬಹುದಾದ್ದರಿಂದ ಎರಡು ಸಲ ನೀರು ತುಂಬಿ ಹಿಂಡಿ ತೆಗೆಯಿರಿ. ಪರ್ಲೈಟ್ ಮತ್ತು ಒಣ ಕಾಂಪೋಸ್ಟಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಚೀಲದೊಳಗೇ ಸ್ವಲ್ಪ ನೀರು ಚಿಮುಕಿಸಿ ಆಮೇಲೆ ಸುರಿಯಿರಿ.

ಹದ ನೋಡಲು ಒಂದು ಹಿಡಿ ಮಿಶ್ರಣ ಮುಷ್ಟಿಯಲ್ಲಿ ಹಿಂಡಿ. ಒಂದೆರಡು ಹನಿ ಬಂದು, ಕೈ ಬಿಚ್ಚಿದಾಗ ಉಂಡೆ ನಿಂತು, ಬೆರಳು ತಗುಲಿಸಿದರೆ ಉದುರಬೇಕು. ನೀರು ಧಾರೆಯಾಗಿ ಸುರಿದರೆ ಹರಡಿ ಒಣಗಿಸಿ. ಬೆರಳಿಟ್ಟರೂ ಉಂಡೆ ಒಡೆಯದಿದ್ದರೆ ಪರ್ಲೈಟ್ ಸಾಲದು. 18 ಸೆಂ.ಮೀ. ಕುಂಡ ಹಿಡಿಯುವುದು ಸುಮಾರು 3 ಲೀಟರ್. ಹಳೆಯ ಬೇರುಮುದ್ದೆಯ ಜಾಗ ಕಳೆದರೆ ಹೊಸ ಮಿಶ್ರಣ ಒಂದೂವರೆ ಲೀಟರ್ ಸಾಕು.

ಕೆಲಸಕ್ಕಿಳಿಯುವುದು

ಹೆಜ್ಜೆ 1. ಹಿಂದಿನ ದಿನ ಗಿಡಕ್ಕೆ ನೀರು ಹಾಕಿ. ಒಣ ಬೇರು ಮುರಿಯುತ್ತದೆ, ಆಗಷ್ಟೇ ನೆನೆದ ಮುದ್ದೆ ಭಾರಕ್ಕೆ ಹರಿಯುತ್ತದೆ. ನಡುವಿನ ತೇವ ಬೇಕು. ಕಳ್ಳಿ, ಜೇಡ್‌ಗಳನ್ನು ಮಾತ್ರ ಒಣಗಿದ್ದಾಗಲೇ ತೆಗೆಯಬೇಕು.

ಹೆಜ್ಜೆ 2. ಕತ್ತರಿಯನ್ನು 70% ಆಲ್ಕೊಹಾಲ್‌ನಿಂದ ಒರೆಸಿಕೊಳ್ಳಿ. ಡಿಫೆನ್‌ಬೇಕಿಯಾ, ಫಿಲೊಡೆಂಡ್ರಾನ್‌ಗಳ ರಸ ಚರ್ಮಕ್ಕೆ ಉರಿ ತರುತ್ತದೆ, ಹಾಲು ಒಸರುವ ಕಳ್ಳಿಗಳ ಹಾಲು ಕಣ್ಣಿಗೆ ಅಪಾಯ. ಅವಕ್ಕೆ ಕೈಗವಸು ಕಡ್ಡಾಯ.

ಹೆಜ್ಜೆ 3. ಬೆರಳುಗಳ ಸಂದಿನಲ್ಲಿ ಬುಡ ಬರುವಂತೆ ಅಂಗೈಯನ್ನು ಮಣ್ಣಿನ ಮೇಲಿಟ್ಟು ಕುಂಡವನ್ನು ಮಗುಚಿ, ಅಂಚನ್ನು ಮೇಜಿಗೆ ಮೆಲ್ಲಗೆ ಕುಟ್ಟಿ. ಗಿಡದ ಕಾಂಡ ಹಿಡಿದು ಎಳೆಯಬೇಡಿ, ಬುಡದಲ್ಲೇ ಕಿತ್ತುಬರುತ್ತದೆ. ಪ್ಲಾಸ್ಟಿಕ್ ಆದರೆ ಸುತ್ತ ಒತ್ತಿ ಸಡಿಲಿಸಿ. ಮಣ್ಣಿನ ಕುಂಡಕ್ಕೆ ಅಂಟಿಕೊಂಡಿದ್ದರೆ ಒಳಗೋಡೆಯ ಸುತ್ತ ಉದ್ದನೆಯ ಚಾಕು ಆಡಿಸಿ.

ಹೆಜ್ಜೆ 4: ಬೇರು ಓದುವುದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಆರೋಗ್ಯದ ಬೇರು ಗಟ್ಟಿ, ಬಿಳಿ ಅಥವಾ ಕೆನೆ ಬಣ್ಣ, ಮಣ್ಣಿನ ವಾಸನೆ. ಬಣ್ಣವೊಂದನ್ನೇ ನಂಬಬೇಡಿ, ಡ್ರಸೀನಾ ಮತ್ತು ಸ್ನೇಕ್ ಪ್ಲಾಂಟ್‌ನ ಬೇರು ಹುಟ್ಟಾ ಕಿತ್ತಳೆ. ಕೊಳೆತದ್ದನ್ನು ಪತ್ತೆ ಮಾಡುವುದು ಬೆರಳಿನಿಂದ: ಎರಡು ಬೆರಳಲ್ಲಿ ಹಿಡಿದು ಜಗ್ಗಿದರೆ ಹೊರಸಿಪ್ಪೆ ಕಾಲುಚೀಲದಂತೆ ಕಳಚಿಬಂದು ಒಳಗೆ ಬರೀ ದಾರ ಉಳಿಯುತ್ತದೆ, ಮೂಗಿಗೆ ಹುಳಿತ ವಾಸನೆ ಬಡಿಯುತ್ತದೆ. ಅಂಥದ್ದನ್ನೆಲ್ಲ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ.

ಸುತ್ತು ಹಾಕಿಕೊಂಡ ಬೇರನ್ನು ಹಾಗೇ ಇಳಿಸಿದರೆ ಹೊಸ ಮಣ್ಣಿಗೆ ಹೋಗದೆ ಅಲ್ಲೇ ಸುತ್ತುತ್ತಿರುತ್ತದೆ. ತಳದ ಚಾಪೆಯನ್ನು ಒಂದೆರಡು ಸೆಂ.ಮೀ. ದಪ್ಪಕ್ಕೆ ಕತ್ತರಿಸಿ ತೆಗೆಯಿರಿ; ಬದಿಯ ಬೇರುಗಳನ್ನು ಬೆರಳಿನಿಂದ ಬಿಡಿಸಿ, ಬಿಡಿಸಲಾಗದಿದ್ದರೆ ಮೂರು ನಾಲ್ಕು ಕಡೆ ಮೇಲಿಂದ ಕೆಳಕ್ಕೆ 1 ಸೆಂ.ಮೀ. ಆಳದ ಗೀರು ಹಾಕಿ. ನರ್ಸರಿಯ ಗಿಡಗಳಲ್ಲಿ ಮುದ್ದೆಯ ನಡುವೆ ಬಟ್ಟೆ ಅಥವಾ ಪ್ಲಾಸ್ಟಿಕ್ ಬಲೆಯ ಪುಟ್ಟ ಚೀಲ ಅಡಗಿರುವುದುಂಟು. ಬೇರು ದಪ್ಪಗಾದಂತೆ ಅದು ಕುಣಿಕೆಯಾಗುತ್ತದೆ, ಕತ್ತರಿಸಿ ತೆಗೆಯಿರಿ. ಹಳೆಯ ಮಣ್ಣನ್ನೆಲ್ಲ ತೊಳೆದು ಬೇರನ್ನು ಬೆತ್ತಲೆ ಮಾಡುವ ಅಗತ್ಯ ಕೊಳೆತ ಗಿಡಕ್ಕೆ ಮಾತ್ರ. ಚೆನ್ನಾಗಿರುವ ಗಿಡಕ್ಕೆ ಹಾಗೆ ಮಾಡಿದರೆ ನೀರು ಹೀರುವ ಕೂದಲೆಳೆಯ ಬೇರುಗಳೇ ಹರಿದುಹೋಗುತ್ತವೆ.

ಗಿಡವನ್ನು ಇದ್ದ ಗಾತ್ರದಲ್ಲೇ ಉಳಿಸಿಕೊಳ್ಳಬೇಕೆಂದರೆ ಬೇರುಮುದ್ದೆಯ ಹೊರಗಿನ ಕಾಲು ಭಾಗ ಕತ್ತರಿಸಿ, ಹೊಸ ಮಿಶ್ರಣದೊಂದಿಗೆ ಅದೇ ಕುಂಡಕ್ಕೆ ಹಾಕಬಹುದು. ಎಲೆಗಳನ್ನೂ ಸ್ವಲ್ಪ ಕಡಿಮೆ ಮಾಡಿ, ಬೇರಿನ ಮೇಲಿನ ಹೊರೆ ಇಳಿಯಲಿ.

ಹೆಜ್ಜೆ 5. ತಳಕ್ಕೆ ಮಿಶ್ರಣ ಹಾಕಿ, ಗಿಡ ಇಟ್ಟು ಎತ್ತರ ನೋಡಿ. ಮುದ್ದೆಯ ಮೇಲ್ಭಾಗ ಕುಂಡದ ಅಂಚಿಗಿಂತ 2–3 ಸೆಂ.ಮೀ. ಕೆಳಗಿರಬೇಕು; ಆ ಖಾಲಿ ಜಾಗವೇ ನೀರು ನಿಂತು ಇಳಿಯುವ ಬಟ್ಟಲು. ಕಾಂಡ ಹಿಂದೆ ಎಷ್ಟು ಹೂತಿತ್ತೋ ಅಷ್ಟೇ ಹೂಳಬೇಕು, ಹೆಚ್ಚು ಹೂತರೆ ಬುಡ ಕೊಳೆಯುತ್ತದೆ. ಸುತ್ತ ಮಿಶ್ರಣ ತುಂಬುತ್ತ ಕುಂಡವನ್ನು ನೆಲಕ್ಕೆ ಮೆಲ್ಲಗೆ ತಟ್ಟಿ. ಹೆಬ್ಬೆರಳಿಂದ ಒತ್ತಿ ಒತ್ತಿ ಗಟ್ಟಿ ಮಾಡುವುದು ಕೈಯಾರೆ ಗಾಳಿ ಹೊರಹಾಕಿದಂತೆ. ಗಿಡ ವಾಲಿದರೆ ಕೋಲು ಕಟ್ಟಿ.

ಹೆಜ್ಜೆ 6. ತೂತಿನಿಂದ ಹರಿಯುವವರೆಗೆ ನೀರು ಹಾಕಿ, ಮಿಶ್ರಣ ಕುಸಿದಲ್ಲಿ ಮೇಲೆ ತುಂಬಿ. ಕಳ್ಳಿ, ಜೇಡ್, ಲೋಳೆಸರಕ್ಕೆ ಮಾತ್ರ 5ರಿಂದ 7 ದಿನ ಒಂದು ಹನಿಯೂ ಬೇಡ. ಬೇರಿನ ಗಾಯ ಒಣಗಿ ಕಟ್ಟಿಕೊಳ್ಳಬೇಕು.

ಮುಂದಿನ ಹತ್ತು ಹದಿನೈದು ದಿನ ನೇರ ಬಿಸಿಲಿಲ್ಲದ, ಆದರೆ ಬೆಳಕಿರುವ ಜಾಗದಲ್ಲಿಡಿ. ಒಂದೆರಡು ಕೆಳಗಿನ ಎಲೆ ಹಳದಿಯಾಗುವುದು, ಮಧ್ಯಾಹ್ನ ಸ್ವಲ್ಪ ಜೋತುಬೀಳುವುದು ಮಾಮೂಲು. ಫೈಕಸ್ ಜಾತಿಯವು ಎಲೆ ಉದುರಿಸಿ ಹೆದರಿಸುತ್ತವೆ. ಆ ಹೆದರಿಕೆಗೆ ಮತ್ತೆ ಮತ್ತೆ ನೀರು ಹಾಕುವುದೇ ನಿಜವಾದ ಅಪಾಯ. ಗೊಬ್ಬರ ನಾಲ್ಕರಿಂದ ಆರು ವಾರ ಬೇಡ.

ಇನ್ನು ನೀರು

ಕುಂಡ ಬದಲಿಸಿದ ಮೇಲೆ ಹಳೆಯ ವೇಳಾಪಟ್ಟಿ ರದ್ದು. ಎರಡು ದಿನಕ್ಕೊಮ್ಮೆ ಕುಡಿಯುತ್ತಿದ್ದ ಗಿಡಕ್ಕೆ ಈಗ ಎಂಟು ದಿನ ಬೇಕಾಗಬಹುದು. ಅಷ್ಟಕ್ಕೂ ವೇಳಾಪಟ್ಟಿ ಎಂಬುದೇ ಒಳ್ಳೆಯ ಉಪಾಯವಲ್ಲ; ಮೋಡ ಕವಿದ ವಾರಕ್ಕೂ ಬಿಸಿಲಿನ ವಾರಕ್ಕೂ ಗಿಡ ಕುಡಿಯುವ ನೀರಿನಲ್ಲಿ ದುಪ್ಪಟ್ಟು ವ್ಯತ್ಯಾಸ ಬರಬಹುದು. ದಿನ ಗೊತ್ತುಮಾಡಿಕೊಳ್ಳುವುದಾದರೆ ಅದು ನೀರು ಹಾಕುವ ದಿನವಲ್ಲ, ನೋಡುವ ದಿನವಾಗಿರಲಿ.

ನೋಡುವುದು ಹೇಗೆ? ಮೇಲ್ಮಣ್ಣಿನ ಬಣ್ಣ ಮೋಸ ಮಾಡುತ್ತದೆ, ಮೇಲೆ ಒಣಗಿದ್ದರೂ ಮೂರು ಬೆರಳು ಕೆಳಗೆ ಕೆಸರಿರಬಹುದು. ಬೆರಳನ್ನು ಎರಡನೇ ಗೆಣ್ಣಿನವರೆಗೆ, ಅಂದರೆ ಸುಮಾರು 5 ಸೆಂ.ಮೀ. ಇಳಿಸಿ. ದೊಡ್ಡ ಕುಂಡಕ್ಕೆ ಬೆರಳು ಸಾಲದು, ಒಂದು ಬಿದಿರು ಕಡ್ಡಿಯನ್ನು ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಎಲ್ಲಿಯವರೆಗೆ ಕಪ್ಪಾಗಿ ಮಣ್ಣು ಅಂಟಿದೆಯೋ ಅಲ್ಲಿಯವರೆಗೆ ತೇವ. ಅಗ್ಗದ ತೇವಮಾಪಕಗಳ ಮುಳ್ಳು ಮಣ್ಣಿನ ಉಪ್ಪಿಗೂ ಆಡುತ್ತದೆ, ಸಡಿಲ ಮಿಶ್ರಣದಲ್ಲಿ ತೇವವಿದ್ದರೂ ಒಣ ಎನ್ನುತ್ತದೆ. ಕಡ್ಡಿಯೇ ವಾಸಿ.

ಎಲ್ಲಕ್ಕಿಂತ ನಂಬಿಕಸ್ಥ ವಿಧಾನ ತೂಕ. ಉದಾಹರಣೆಗೆ, ನೀರು ಹಾಕಿ ಪೂರ್ತಿ ಬಸಿದ ಮೇಲೆ ಪೀಸ್ ಲಿಲಿಯ ಕುಂಡ ಅಡುಗೆಮನೆಯ ತಕ್ಕಡಿಯಲ್ಲಿ 1,800 ಗ್ರಾಂ ತೂಗಿತು ಎನ್ನಿ. ಒಮ್ಮೆ ಮಾತ್ರ ಎಲೆ ಜೋಲುವವರೆಗೆ ಬಿಟ್ಟು ತೂಗಿದರೆ 1,200. ನಡುವಿನ 600 ಗ್ರಾಂ ಆ ಗಿಡ ಕುಡಿಯಬಲ್ಲ ನೀರು. ಅದರಲ್ಲಿ ಮೂರರಲ್ಲಿ ಎರಡು ಪಾಲು, ಅಂದರೆ 400 ಗ್ರಾಂ ಖರ್ಚಾಗಿ ತಕ್ಕಡಿ 1,400 ತೋರಿಸಿದ ದಿನ ನೀರು ಹಾಕಿ. ಹೀಗೆ ನಾಲ್ಕು ಸಲ ಮಾಡಿದರೆ ಕೈಗೇ ಭಾರ ಗೊತ್ತಾಗುತ್ತದೆ, ತಕ್ಕಡಿ ಬೇಕಾಗುವುದಿಲ್ಲ.

ಎಷ್ಟು ಒಣಗಬೇಕು ಎನ್ನುವುದು ಗಿಡದ ಮೇಲೆ. ಜರೀಗಿಡಕ್ಕೆ ಮೇಲಿನ 1 ಸೆಂ.ಮೀ. ಒಣಗಿದರೆ ಹಾಕಬೇಕು. ಪೀಸ್ ಲಿಲಿ, ಸ್ಪೈಡರ್ ಪ್ಲಾಂಟ್‌ಗೆ 2–3 ಸೆಂ.ಮೀ. ಮನಿ ಪ್ಲಾಂಟ್, ಫಿಲೊಡೆಂಡ್ರಾನ್, ಮಾನ್‌ಸ್ಟೆರಾಗಳಿಗೆ ಕುಂಡದ ಮೂರನೇ ಒಂದರಿಂದ ಅರ್ಧ ಆಳ. ಸ್ನೇಕ್ ಪ್ಲಾಂಟ್, ಜೆಡ್‌ಜೆಡ್, ಜೇಡ್, ಕಳ್ಳಿಗಳಿಗೆ ತಳದವರೆಗೂ ಒಣಗಬೇಕು, ಅವು ನೀರನ್ನು ಗಡ್ಡೆಯಲ್ಲೋ ಕಾಂಡದಲ್ಲೋ ಎಲೆಯಲ್ಲೋ ಕೂಡಿಟ್ಟುಕೊಂಡಿವೆ. ಫಲೆನಾಪ್ಸಿಸ್ ಆರ್ಕಿಡ್ ತಾನೇ ಹೇಳುತ್ತದೆ: ಬೇರು ಹಸಿರಿದ್ದರೆ ನೀರಿದೆ, ಬೆಳ್ಳಿಬಣ್ಣಕ್ಕೆ ತಿರುಗಿದರೆ ಬೇಕು.

ಹಾಕುವಾಗ ಮಾತ್ರ ಜಿಪುಣತನ ಬೇಡ. ದಿನಕ್ಕೊಂದು ಲೋಟ ಎಂಬ ಅಭ್ಯಾಸದಲ್ಲಿ ಮೇಲಿನ ಎರಡು ಬೆರಳು ಮಣ್ಣು ಸದಾ ಒದ್ದೆ, ತಳದ ಬೇರು ಸದಾ ಒಣ. ಸುತ್ತಲೂ ನಿಧಾನವಾಗಿ ಸುರಿದು, ತೂತಿನಿಂದ ಹರಿದ ಮೇಲೆ ನಿಲ್ಲಿಸಿ. ಅರ್ಧ ಗಂಟೆ ಬಿಟ್ಟು ತಟ್ಟೆಯ ನೀರು ಚೆಲ್ಲಿ. ಬೆಳಗ್ಗೆ ಹಾಕುವುದು ಅನುಕೂಲ. ನೀರು ಕೋಣೆಯಷ್ಟೇ ಬೆಚ್ಚಗಿರಲಿ. ಎಲೆಗೆ ನೀರು ಚಿಮುಕಿಸುವುದು ಬೇರಿಗೆ ನೀರು ಹಾಕಿದಂತಲ್ಲ. ತೇವಾಂಶ ಹೆಚ್ಚಾದ ಭಾವನೆ ಬರುತ್ತದೆ, ಕೆಲವು ನಿಮಿಷಗಳಲ್ಲಿ ಆರಿಹೋಗುತ್ತದೆ.

ಸುರಿದ ತಕ್ಷಣ ನೀರು ಕೆಳಗೆ ಬಂದರೆ ಗಿಡ ಕುಡಿಯಿತೆಂದು ತಿಳಿಯಬೇಡಿ. ಅತಿಯಾಗಿ ಒಣಗಿದ ಪೀಟ್ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ನೀರು ಆ ಸಂದಿನಿಂದ ಜಾರಿಹೋಗುತ್ತದೆ, ಮುದ್ದೆಯ ಒಳಗೆ ಬರಗಾಲ. ಕುಂಡವನ್ನು ಅರ್ಧ ಎತ್ತರದವರೆಗೆ ನೀರಿರುವ ಬಕೆಟ್ಟಿನಲ್ಲಿ 30–45 ನಿಮಿಷ ಕೂರಿಸಿ, ಮೇಲ್ಮಣ್ಣು ಕಪ್ಪಾದ ಮೇಲೆ ತೆಗೆದು ಬಸಿಯಲು ಬಿಡಿ. ಯಾವಾಗಲೂ ಹೀಗೆ ಕೆಳಗಿಂದಲೇ ಕುಡಿಸುತ್ತಿದ್ದರೆ ಉಪ್ಪು ಮೇಲೆ ಬಂದು ಬಿಳಿ ಪದರ ಕಟ್ಟುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಕುಂಡದ ಅಳತೆಯ ನಾಲ್ಕು ಪಟ್ಟು ನೀರನ್ನು ಮೇಲಿಂದ ಹರಿಸಿ ತೊಳೆದುಬಿಡಿ. ಸ್ಪೈಡರ್ ಪ್ಲಾಂಟ್, ಡ್ರಸೀನಾಗಳ ಎಲೆತುದಿ ಕಂದಾಗುತ್ತಿದ್ದರೆ ನೀರಿನ ಫ್ಲೋರೈಡ್ ಮೇಲೂ ಅನುಮಾನಪಡಿ. ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಮಳೆನೀರು ಸಿಕ್ಕರೆ ಅದನ್ನೇ ಬಳಸಿ.

ಬಾಡಿದೆ, ಆದರೆ ಮಣ್ಣು ಒದ್ದೆ

ಬಾಡುವುದು ಬಾಯಾರಿಕೆಯ ಗುರುತು ಮಾತ್ರವಲ್ಲ. ಕೊಳೆತ ಬೇರು ನೀರು ಹೀರಲಾರದು, ಹಾಗಾಗಿ ನೀರಲ್ಲೇ ನಿಂತ ಗಿಡವೂ ಬಾಯಾರಿದಂತೆಯೇ ಜೋಲುತ್ತದೆ. ವ್ಯತ್ಯಾಸ ಕುಂಡ ಎತ್ತಿದರೆ ತಿಳಿಯುತ್ತದೆ. ಹಗುರವಾಗಿದ್ದು ಎಲೆ ತೆಳ್ಳಗೆ, ಅಂಚು ಗರಿಗರಿಯಾಗಿದ್ದರೆ ನೀರು ಬೇಕು. ಭಾರವಾಗಿದ್ದು ಎಲೆ ಮೆತ್ತಗೆ, ಕೆಳಗಿನವು ಹಳದಿ, ಬುಡ ಒತ್ತಿದರೆ ಒಳಸರಿಯುವಂತಿದ್ದರೆ ಬೇರು ಕೊಳೆತಿದೆ. ಮಣ್ಣಿನ ಸುತ್ತ ಪುಟ್ಟ ಕಪ್ಪು ನುಸಿ ಹಾರಾಡುತ್ತಿದ್ದರೆ ಮೇಲ್ಪದರ ಬಹಳ ದಿನದಿಂದ ಒಣಗಿಲ್ಲ ಎಂದು ತಿಳಿಯಿರಿ. ಅವು ಮೊಟ್ಟೆಯಿಡುವುದು ಒದ್ದೆ ಮೇಲ್ಮಣ್ಣಿನಲ್ಲಿ.

ಕೊಳೆತ ಗಿಡವನ್ನು ತೆಗೆದು, ಹಳೆಯ ಮಣ್ಣನ್ನೆಲ್ಲ ತೊಳೆದು, ಮೆತ್ತಗಾದ ಬೇರು ಕತ್ತರಿಸಿ. ಪ್ರತಿ ಕತ್ತರಿಕೆಯ ನಡುವೆ ಕತ್ತರಿ ಒರೆಸಿ. ಉಳಿದ ಬೇರಿಗೆ ತಕ್ಕ ಕುಂಡ ಆರಿಸಿ, ಹೆಚ್ಚಿನ ಸಲ ಅದು ಹಿಂದಿನದಕ್ಕಿಂತ ಚಿಕ್ಕದು. ಹೊಸ ಮಿಶ್ರಣದಲ್ಲಿ ಪರ್ಲೈಟ್ ದುಪ್ಪಟ್ಟಿರಲಿ. ಹಳೆಯ ಕುಂಡ ಮತ್ತೆ ಬಳಸುವುದಾದರೆ ಸೋಪಿನಿಂದ ಉಜ್ಜಿ, 1 ಪಾಲು ಬ್ಲೀಚಿಗೆ 9 ಪಾಲು ನೀರಿನ ದ್ರಾವಣದಲ್ಲಿ ಹತ್ತು ನಿಮಿಷ ಮುಳುಗಿಸಿ ತೊಳೆಯಿರಿ. ಹಳೆಯ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬೇಡಿ.

ಗಟ್ಟಿ ಬೇರು ಒಂದೂ ಉಳಿದಿಲ್ಲವೆಂದರೆ ಆ ಬುಡದ ಮೇಲಿನ ಆಸೆ ಬಿಟ್ಟು ಕುಡಿ ಉಳಿಸಿಕೊಳ್ಳಿ. ಮನಿ ಪ್ಲಾಂಟ್, ಫಿಲೊಡೆಂಡ್ರಾನ್‌ಗಳ ಆರೋಗ್ಯವಾದ ಬಳ್ಳಿಯಲ್ಲಿ ಎಲೆ ಹೊರಡುವ ಗೆಣ್ಣಿನ 1 ಸೆಂ.ಮೀ. ಕೆಳಗೆ ಕತ್ತರಿಸಿ, ಗೆಣ್ಣು ಮುಳುಗುವಂತೆ ನೀರಲ್ಲಿಡಿ. ಬೇರು ಒಡೆಯುವುದು ಗೆಣ್ಣಿನಿಂದಲೇ, ಬರೀ ಎಲೆತೊಟ್ಟು ಮುಳುಗಿಸಿದರೆ ತಿಂಗಳಾದರೂ ಗಿಡ ಆಗುವುದಿಲ್ಲ. ನಾಲ್ಕೈದು ದಿನಕ್ಕೊಮ್ಮೆ ನೀರು ಬದಲಿಸಿ. ಬೇರು 3ರಿಂದ 5 ಸೆಂ.ಮೀ. ಉದ್ದವಾದಾಗ 8–10 ಸೆಂ.ಮೀ. ಕುಂಡಕ್ಕೆ ಇಳಿಸಿ. ನೀರಲ್ಲೇ ಹುಟ್ಟಿದ ಬೇರು ಮಣ್ಣಿಗೆ ಒಗ್ಗಲು ಸಮಯ ಬೇಕು, ಮೊದಲ ಹತ್ತು ದಿನ ಮಿಶ್ರಣ ಪೂರ್ತಿ ಒಣಗದಂತೆ ನೋಡಿಕೊಂಡು, ಹೊಸ ಎಲೆ ಬಿಚ್ಚಿದ ಮೇಲೆ ಬೆರಳಿನ ಲೆಕ್ಕಕ್ಕೆ ಮರಳಿ.